ಸುಳಿಗಾಳಿ ಮತ್ತು ಮರದ ಧೂಳು

ಅಕ್ಕಿ ಗಿರಣಿಯ ಮಾಡಿನ ಮೇಲೆ ತಗಡಿನ ದೊಡ್ಡ ಆಲಿಕೆಯೊಂದು ನಿಂತಿರುವುದನ್ನು ನಿಮ್ಮಲ್ಲಿ ಬಹುಮಂದಿ ಕಂಡಿರುತ್ತೀರಿ. ಮೇಲೆ ದುಂಡಗೆ, ಕೆಳಗೆ ಬರಬರುತ್ತ ಸಪೂರ. ಭತ್ತದ ಹೊಟ್ಟನ್ನು ಹೊತ್ತ ಗಾಳಿ ಅದರ ಪಕ್ಕೆಯಿಂದ ಒಳಹೊಕ್ಕು ಗಿರಗಿರನೆ ಸುತ್ತುತ್ತದೆ. ಹೊಟ್ಟು ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಹಗುರಾದ ಗಾಳಿ ನಡುವಿನ ಕೊಳವೆಯಿಂದ ಮೇಲಕ್ಕೆ ಹೊರಟುಹೋಗುತ್ತದೆ. ಇದರ ಹೆಸರು ಸೈಕ್ಲೋನ್. ಅಮೆರಿಕದ ಜಾನ್ ಫಿಂಚ್ ಎಂಬವರು 1885ರಲ್ಲಿ ಇಂತಹ ಸಾಧನಕ್ಕೆ ಪೇಟೆಂಟ್ ಪಡೆದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜೇಮ್ಸ್ ಡೈಸನ್, ಮರದ ಮಿಲ್ಲೊಂದರ ಮೇಲಿದ್ದ ಸೈಕ್ಲೋನನ್ನು ಕಂಡು, ಅದನ್ನೇ ಕಿರಿದುಗೊಳಿಸಿ ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಕೂರಿಸಲು ಹೊರಟರು. ಒಂದರ ಹಿಂದೊಂದರಂತೆ 5,127 ಮಾದರಿಗಳನ್ನು ಮಾಡಿದ ಮೇಲೆ ಕೆಲಸ ಕೈಗೂಡಿತು. (ಗಣಿತದಲ್ಲಿ ಎರಡು ಸಲ ನಪಾಸಾಗಿ ಪುಸ್ತಕವನ್ನೇ ಅಟ್ಟಕ್ಕೆಸೆದ ನನ್ನ ಕೆಲವು ಶಿಷ್ಯರು ಈ ಸಂಖ್ಯೆಯನ್ನು ಗಮನಿಸಬೇಕು.)

ಈಗ ಇದೇ ಸೈಕ್ಲೋನು ಅಂಗೈಯಗಲದ ಪ್ಲಾಸ್ಟಿಕ್ ಆಲಿಕೆಯಾಗಿ ಬಡಗಿಗಳ ಕೈಗೆ ಬಂದಿದೆ. ಬಣ್ಣದ ಖಾಲಿ ಬಕೆಟ್ಟಿನ ಮುಚ್ಚಳದ ಮೇಲೆ ಇದನ್ನು ಬಿಗಿದು, ಒಂದು ಕೊಳವೆಯನ್ನು ಮರ ಉಜ್ಜುವ ಸ್ಯಾಂಡರಿಗೂ ಇನ್ನೊಂದನ್ನು ವ್ಯಾಕ್ಯೂಮಿಗೂ ಜೋಡಿಸಿದರೆ ಮುಗಿಯಿತು. ಧೂಳಿನ ಬಹುಪಾಲು ಬಕೆಟ್ಟಿನಲ್ಲೇ ಬೀಳುವುದರಿಂದ ವ್ಯಾಕ್ಯೂಮಿನ ಫಿಲ್ಟರು ಬೇಗ ಕಟ್ಟಿಕೊಳ್ಳುವುದಿಲ್ಲ, ಎಳೆತವೂ ಕುಗ್ಗುವುದಿಲ್ಲ. ನನ್ನಲ್ಲಿ ಹತ್ತನೆಯ ತರಗತಿ ಓದಿ ಈಗ ಬಾಗಿಲು, ಮಂಚ, ಕಪಾಟುಗಳನ್ನು ಮಾಡುವ ಶಿಷ್ಯನೊಬ್ಬ ಇಂತಹುದೊಂದನ್ನು ತರಿಸಿಕೊಂಡು, ಹೋದ ತಿಂಗಳು ಫೋನ್ ಮಾಡಿದ್ದ.

“ಸಾರ್, ನೂರಕ್ಕೆ ತೊಂಬತ್ತೊಂಬತ್ತು ಪಾಲು ಧೂಳು ಬಕೆಟ್ಟಿನಲ್ಲೇ ನಿಲ್ಲುತ್ತದಂತೆ. ಇನ್ನು ಮಾಸ್ಕ್ ಹಾಕಿಕೊಳ್ಳುವುದು ಬೇಡವಲ್ಲ?”

ಆತನಿಗೆ ಎರಡು ವರ್ಷಗಳಿಂದ ಕೆಮ್ಮು ಬಿಟ್ಟಿಲ್ಲ. ಬೀಟೆಯ ಕೆಲಸ ಹಿಡಿದ ದಿನ ಮುಂಗೈ ತುರಿಸುತ್ತದೆ. ಜೊತೆಯಲ್ಲಿ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗರಲ್ಲಿ ಒಬ್ಬ ಆತನ ಅಕ್ಕನ ಮಗ. ಆದ್ದರಿಂದ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆಯಾಗಿರಲಿಲ್ಲ ಅದು.

ಆ ತೊಂಬತ್ತೊಂಬತ್ತು ಪಾಲು ತೂಕದ ಲೆಕ್ಕ. ಆದರೆ ಶ್ವಾಸಕೋಶದ ಪಾಲಿಗೆ ಕಣಗಳ ಗಾತ್ರವೇ ಮುಖ್ಯ. ಒಂದು ಕಣದ ಅಡ್ಡಳತೆ ನೂರು ಮೈಕ್ರಾನ್, ಇನ್ನೊಂದರದು ಒಂದು ಮೈಕ್ರಾನ್ ಎಂದಿಟ್ಟುಕೊಳ್ಳಿ. ತೂಕವು ಅಡ್ಡಳತೆಯ ಘನಕ್ಕೆ ಅನುಗುಣವಾದುದರಿಂದ, ದೊಡ್ಡ ಕಣವೊಂದರ ತೂಕಕ್ಕೆ ಚಿಕ್ಕವು ಹತ್ತು ಲಕ್ಷ ಬೇಕು. ಹೀಗಿರುವಾಗ ತಪ್ಪಿಸಿಕೊಂಡ ಒಂದು ಪಾಲಿನಲ್ಲಿ ಎಷ್ಟು ಕೋಟಿ ಕಣಗಳಿರಬಹುದು, ನೀವೇ ಊಹಿಸಿ. ತಪ್ಪಿಸಿಕೊಳ್ಳುವುವು ಚಿಕ್ಕವೇ ಎಂಬುದಕ್ಕೂ ಕಾರಣವಿದೆ. ಸುತ್ತುವ ಗಾಳಿಯಲ್ಲಿ ಕಣವನ್ನು ಗೋಡೆಯತ್ತ ತಳ್ಳುವ ಬಲ ಅಡ್ಡಳತೆಯ ಘನದಂತೆ ಏರಿದರೆ, ಗಾಳಿಯ ತಡೆ ಅಡ್ಡಳತೆಯಷ್ಟೇ ಏರುತ್ತದೆ. ಆದಕಾರಣ ಗಾತ್ರ ಹತ್ತನೆಯ ಒಂದಾದರೆ ಗೋಡೆಯತ್ತ ಸರಿಯುವ ವೇಗ ನೂರನೆಯ ಒಂದಾಗುತ್ತದೆ. ಕಣದಲ್ಲಿ ರಾಶಿ ತೂರುವಾಗ ಗಟ್ಟಿ ಕಾಳು ಉಳಿದು ಜೊಳ್ಳು ಹಾರಿಹೋಗುವುದಿಲ್ಲವೇ, ಹಾಗೆಯೇ. ಇಲ್ಲಿ ಮಾತ್ರ ನಾವು ಅಂಜಬೇಕಾದದ್ದು ಹಾರಿಹೋದ ಜೊಳ್ಳಿಗೆ. ಹತ್ತು ಮೈಕ್ರಾನಿಗಿಂತ ಚಿಕ್ಕ ಕಣಗಳು ಮೂಗನ್ನು ದಾಟಿ ಕೆಳಗಿಳಿಯಬಲ್ಲವು. ನಾಲ್ಕೈದು ಮೈಕ್ರಾನಿನವು ಶ್ವಾಸಕೋಶದ ಗಾಳಿಗೂಡುಗಳವರೆಗೂ ತಲುಪುತ್ತವೆ.

ಆತನ ತಂದೆಯೂ ಬಡಗಿಯೇ. ಅವರು ಕೀಸುಳಿ ಹಿಡಿದು ಹೆರೆದರೆ ಉದುರುತ್ತಿದ್ದುದು ಸುರುಳಿ ಸುರುಳಿ ಸಿಪ್ಪೆ. ಅದು ಗಾಳಿಯಲ್ಲಿ ತೇಲುವಂಥದಲ್ಲ. ಮಗನ ಯಂತ್ರ ಮರವನ್ನು ಹಿಟ್ಟು ಮಾಡುತ್ತದೆ. ಒಂದೇ ಕಸುಬು, ಆದರೆ ಉಸಿರಿಗೆ ಸೇರುವ ವಸ್ತು ಬೇರೆ. ಹಾಗೆಂದು ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎನ್ನುವ ಹಾಗೂ ಇಲ್ಲ. ಇಂಗ್ಲೆಂಡಿನ ಹೈ ವಿಕಂ ಕುರ್ಚಿ ಮೇಜುಗಳಿಗೆ ಹೆಸರಾದ ಊರು. ಅಲ್ಲಿಯ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಂದು ಬಗೆಯ ವಿರಳ ಕ್ಯಾನ್ಸರು ಅಸಹಜವಾಗಿ ಹೆಚ್ಚಿರುವುದನ್ನು ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ವೈದ್ಯೆ ಗುರುತಿಸಿದರು. 1960ರ ದಶಕದಲ್ಲಿ ಆಕೆಯೂ ಸಹೋದ್ಯೋಗಿಗಳೂ ಅದನ್ನು ಪ್ರಕಟಿಸಿದರು. ಕಿವಿ ಮೂಗು ಗಂಟಲಿನ ವೈದ್ಯರು ರೋಗಿಯ ಕಸುಬನ್ನೂ ವಿಚಾರಿಸಿದ್ದರಿಂದ ತಿಳಿದ ಸಂಗತಿ ಇದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಆತ “ಹೂಂ ಸಾರ್” ಎನ್ನುತ್ತಿದ್ದ, ಅಷ್ಟೇ. ಅಂಗಡಿ ಸ್ವಚ್ಛವಾಗಿದೆ, ನೆಲದಲ್ಲಿ ಹೊಟ್ಟೇ ಇಲ್ಲ ಎಂಬುದು ಆತನ ವಾದ. ಕೊನೆಗೆ, ರಾತ್ರಿ ಕೆಲಸ ಮುಗಿದ ಮೇಲೆ ದೀಪ ಆರಿಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ಬೆಳಕಿನ ಕೋಲನ್ನು ಪಕ್ಕದಿಂದ ನೋಡು ಎಂದೆ. ಮಲೆನಾಡಿನ ಮನೆಗಳಲ್ಲಿ ಗಾಜಿನ ಹೆಂಚಿನಿಂದಿಳಿಯುವ ಬಿಸಿಲಕೋಲಿನಲ್ಲಿ ಧೂಳು ಕುಣಿಯುವುದನ್ನು ತೋರಿಸಿಯೇ ನಾನು ಟಿಂಡಾಲ್ ಪರಿಣಾಮವನ್ನು ಪಾಠ ಮಾಡುತ್ತಿದ್ದುದು. ಮರುದಿನ ಬೆಳಿಗ್ಗೆ ಆತನೇ ಫೋನ್ ಮಾಡಿದ. “ಸಾರ್, ಹೊಗೆ ಇದ್ದ ಹಾಗೆ ಇತ್ತು.”

ಸೈಕ್ಲೋನು ನಿಷ್ಪ್ರಯೋಜಕ ಎಂದು ತಿಳಿಯಬೇಡಿ. ಅದು ಒರಟು ಧೂಳನ್ನು ಮೊದಲೇ ಕೆಡವುವುದರಿಂದಲೇ ಅದರ ಹಿಂದೆ ಹೆಪಾ ಎಂಬ ನವಿರಾದ ಫಿಲ್ಟರನ್ನು ಇಡುವುದು ಸಾಧ್ಯವಾಗುತ್ತದೆ. ಇಲ್ಲವಾದರೆ ಆ ದುಬಾರಿ ಫಿಲ್ಟರು ಬಹುಬೇಗ ಕಟ್ಟಿಹೋಗುತ್ತದೆ. ಬಕೆಟ್ಟಿನ ಮುಚ್ಚಳ ಮಾತ್ರ ಗಾಳಿಯಾಡದಂತೆ ಕೂತಿರಬೇಕು. ತುಸು ಸೋರಿದರೂ ಹೊರಗಿನ ಗಾಳಿ ನುಗ್ಗಿ, ಬಿದ್ದ ಧೂಳನ್ನು ಮತ್ತೆ ಮೇಲೆಬ್ಬಿಸುತ್ತದೆ. ತೆಳು ಬಕೆಟ್ಟು ಬೇಡ. ಕೊಳವೆಯ ಬಾಯಿ ಮುಚ್ಚಿಕೊಂಡರೆ ಅದು ಒಳಕ್ಕೆ ಸೊಟ್ಟಗಾಗುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಬೇಕು. ಸ್ಯಾಂಡರಿನ ತೂತಿಗೆ ಉಪ್ಪುಕಾಗದದ ತೂತು ಸರಿಯಾಗಿ ಹೊಂದದಿದ್ದರೆ ಇಷ್ಟೆಲ್ಲ ಏರ್ಪಾಟು ದಂಡ. ಕಬ್ಬಿಣ ಉಜ್ಜುವ ಯಂತ್ರಕ್ಕೆ ಇದೇ ಕೊಳವೆಯನ್ನು ಎಂದಿಗೂ ಜೋಡಿಸಕೂಡದು. ಒಂದು ಕಿಡಿ ಸಾಕು.

ಆತ ಈಗ ಹೆಪಾ ಫಿಲ್ಟರು ಹಾಕಿಸಿದ್ದಾನೆ. ಉಜ್ಜುವಾಗ ಮೂವರೂ ಎನ್95 ಮಾಸ್ಕ್ ಕಟ್ಟಿಕೊಳ್ಳುತ್ತಾರಂತೆ, ಕೆಲಸ ನಿಂತ ಮೇಲೂ ಸ್ವಲ್ಪ ಹೊತ್ತು ತೆಗೆಯುವುದಿಲ್ಲವಂತೆ. ಕೆಮ್ಮಿಗೆ ಶ್ವಾಸಕೋಶದ ವೈದ್ಯರನ್ನು ಕಂಡು ಬಾ, ಕಸುಬು ಯಾವುದೆಂದು ಅವರು ಕೇಳದಿದ್ದರೂ ನೀನೇ ಹೇಳು ಎಂದಿದ್ದೇನೆ. ಬಕೆಟ್ಟಿನಲ್ಲಿ ಬಿದ್ದುದನ್ನು ಆತನ ತಾಯಿ ಹೊಟ್ಟಿನ ಒಲೆಗೆ ಒಯ್ಯುತ್ತಿದ್ದರಂತೆ. ತೇಗ, ಹಲಸಿನದಾದರೆ ಒಯ್ಯಲಿ. ಪ್ಲೈವುಡ್, ಎಂಡಿಎಫ್ ಪುಡಿಯಲ್ಲಿ ಅಂಟಿನ ರಾಸಾಯನಿಕಗಳಿರುತ್ತವೆ, ಅದನ್ನು ಬೇರೆ ಚೀಲದಲ್ಲಿ ಕಟ್ಟಿಡಬೇಕೆಂದು ಆ ತಾಯಿಗೂ ಫೋನಿನಲ್ಲಿ ತಿಳಿಸಿದೆ. “ಆಯಿತು ಮೇಷ್ಟ್ರೇ, ನಿಮ್ಮ ಶಿಷ್ಯನಿಗೆ ಚೀಲದ ಮೇಲೆ ಬರೆದಿಡಲು ಹೇಳಿ” ಎಂದರು.