ಮನೆಗೆ ಬಂದ ಮಗಳು

ದತ್ತು ಸ್ವೀಕಾರವು ನಮ್ಮ ಸಮಾಜಕ್ಕೆ ಹೊಸತಲ್ಲ. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರವು ಮಾನ್ಯ ಮಾಡದಿದ್ದಾಗ, 1824ರಲ್ಲಿ ರಾಣಿ ಚೆನ್ನಮ್ಮನವರು ಯುದ್ಧಕ್ಕೇ ನಿಂತರು. ಆದರೆ ಅಂದಿನ ದತ್ತು ವಂಶಕ್ಕೊಬ್ಬ ಗಂಡುಮಗ ಬೇಕೆಂಬ ಕಾರಣಕ್ಕೆ ನಡೆಯುತ್ತಿತ್ತು. 1956ರ ಕಾಯಿದೆಯು ಹೆಣ್ಣುಮಕ್ಕಳನ್ನು ದತ್ತು ಪಡೆಯುವುದಕ್ಕೂ ದಾರಿ ತೆರೆಯಿತು. 2015ರ ಬಾಲನ್ಯಾಯ ಕಾಯಿದೆಯಂತೆ, ಆದೇಶವಾದ ದಿನದಿಂದ ಮಗುವು ಆ ದಂಪತಿಗಳಿಗೇ ಹುಟ್ಟಿದ ಮಗುವೆಂದು ಪರಿಗಣಿತವಾಗುತ್ತದೆ. ಕಾಗದದ ಮೇಲೆ ಇದು ಒಂದು ದಿನದ ಮಾತು. ಮಗುವಿನ ಮನಸ್ಸಿನಲ್ಲಿ ಎಷ್ಟು ದಿನದ್ದೆಂಬುದನ್ನು ನಾವು ಒಬ್ಬ ಬಾಲೆಯಿಂದ ಅರಿತೆವು.

ಕೆಲವು ವರ್ಷಗಳ ಹಿಂದೆ, ಶ್ರಾವಣ ಸೋಮವಾರದಂದು ಭಕ್ತರೊಬ್ಬರ ಮನೆಗೆ ಪೂಜೆಗೆಂದು ಹೋಗಿದ್ದೆವು. ಆ ದಂಪತಿಗಳು ಶಿಶುಗೃಹದಿಂದ ಏಳು ವರ್ಷದ ಹೆಣ್ಣುಮಗುವನ್ನು ದತ್ತು ಪಡೆದು ಮೂರು ತಿಂಗಳಾಗಿತ್ತು. ಮಗುವಿಗೆ ಹೊಸ ಬಟ್ಟೆಗಳಿದ್ದವು, ಆಟಿಕೆಗಳಿದ್ದವು. ಆದರೆ ಬರುವಾಗ ತಂದಿದ್ದ ಚಿಕ್ಕ ಚೀಲವನ್ನು ಅವಳು ಕಟ್ಟಿಯೇ ಇಟ್ಟಿದ್ದಾಳೆ, ಬಿಚ್ಚಲೊಲ್ಲಳು ಎಂದು ಅಜ್ಜಿ ಕಣ್ಣೀರಿಟ್ಟರು.

ಪೂಜೆಯ ನಡುವೆ ಆ ಮನೆಯ ಹುಡುಗನು ಅಗ್ಘವಣಿಯ ತಂಬಿಗೆಯನ್ನು ಉರುಳಿಸಿದನು. ಅಜ್ಜಿ ಗದರಿದರು. ಸ್ವಲ್ಪ ಹೊತ್ತಿಗೆ ಈ ಬಾಲೆಯ ಕೈಯಿಂದ ವಿಭೂತಿಗಟ್ಟಿ ಬಿದ್ದು ಒಡೆಯಿತು. ಆಗ ಎಲ್ಲರೂ ಒಂದೇ ದನಿಯಲ್ಲಿ, "ಇರಲಿ ಬಿಡವ್ವಾ" ಎಂದರು. ಅವಳು ಇನ್ನಷ್ಟು ಮುದುಡಿದಳು. ಅದನ್ನು ನೋಡಿ ಮಾತನಾಡಿಸಬೇಕೆಂದು ನಾವು ಕೇಳಿದೆವು: "ನೀನು ಯಾವ ಊರಿನವಳು, ತಾಯಿ? ನಿನ್ನ ತಂದೆ ಯಾರು?"

ಮನೆಯೆಲ್ಲ ಮೌನವಾಯಿತು. ಮಗು ಎದ್ದು ಒಳಗೆ ಹೋಗಿ, ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹಿಂದಕ್ಕೆ ಕಳುಹಿಸುವ ಮಾತು ಬಂತೆಂದು ತಿಳಿದಳು.

ದೀಕ್ಷೆ ಪಡೆದವನು ಗುರುಕರಜಾತನು, ಅವನ ಪೂರ್ವಾಶ್ರಯವನ್ನು ಎಣಿಸಲಾಗದು ಎಂದು ನಾಲ್ಕು ದಶಕಗಳಿಂದ ಪ್ರವಚನ ಮಾಡುತ್ತ ಬಂದವರು ನಾವು. ಆ ಪ್ರಶ್ನೆ ನಮ್ಮ ಬಾಯಿಂದಲೇ ಬಂದಿತ್ತು.

ಅಂದು ರಾತ್ರಿ ನಮ್ಮ ಬಾಲ್ಯ ನೆನಪಾಯಿತು. ಎಂಟನೆಯ ವಯಸ್ಸಿನಲ್ಲಿ ಮಠಕ್ಕೆ ಬಂದ ನಾವು ನಮ್ಮ ಬಟ್ಟೆಯ ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದೆವು. ಎಲ್ಲರೂ ಕನಿಕರ ತೋರುತ್ತಿದ್ದರು. ಗುರುಗಳು ಮಾತ್ರ, ನಸುಕಿನಲ್ಲಿ ಪತ್ರೆ ತರುವ ಪಾಳಿಯನ್ನು ನಮಗೆ ವಹಿಸಿದರು. ಒಂದು ದಿನ ನಾವು ಮಲಗಿಬಿಟ್ಟೆವು. ಪೂಜೆ ತಡವಾಯಿತು. ಗುರುಗಳು ಉಳಿದ ಹುಡುಗರನ್ನು ಗದರುವಂತೆಯೇ ನಮ್ಮನ್ನೂ ಗದರಿದರು. ಅತ್ತೆವು, ನಿಜ. ಆದರೆ ನಾವಿಲ್ಲದಿದ್ದರೆ ಇಲ್ಲಿ ಒಂದು ಕೆಲಸ ನಿಲ್ಲುತ್ತದೆ ಎಂಬುದು ಅಂದು ತಿಳಿಯಿತು. ಅಂದಿನಿಂದ ಗಂಟನ್ನು ಗೂಟಕ್ಕೆ ತೂಗುಹಾಕಿದೆವು.

ಮರುದಿನ ಆ ಮನೆಗೆ ಮತ್ತೆ ಹೋದೆವು. ಮಗುವಿನ ಎದುರು ಕುಳಿತು, "ನಿನ್ನೆ ನಾವು ಕೇಳಿದ್ದು ತಪ್ಪು, ತಾಯಿ. ಇದು ನಿನ್ನ ಮನೆ" ಎಂದೆವು. ಹಿಂದಿನದನ್ನು ಅವಳಾಗಿ ಹೇಳಬಯಸಿದರೆ ಕಿವಿಗೊಟ್ಟು ಕೇಳಿರಿ, ಬಚ್ಚಿಡಲೂ ಬೇಡಿ, ಕೆದಕಲೂ ಬೇಡಿ ಎಂದು ಹಿರಿಯರಿಗೆ ತಿಳಿಸಿದೆವು. ದಿನದ ಪತ್ರೆ-ಹೂವಿನ ಹೊಣೆಯನ್ನು ಅವಳಿಗೊಪ್ಪಿಸಲು ಅಜ್ಜಿಗೆ ಹೇಳಿದೆವು.

ಮುಂದಿನ ಶಿವರಾತ್ರಿಗೆ ಅವರೆಲ್ಲರೂ ಮಠಕ್ಕೆ ಬಂದರು. ಅಜ್ಜಿಯದು ಒಂದೇ ದೂರು: "ಬಲು ಹಟಮಾರಿಯಾಗಿದ್ದಾಳೆ, ಬುದ್ಧೀ. ಪತ್ರೆಯ ಗಿಡವನ್ನು ಅಣ್ಣ ಮುಟ್ಟಿದರೂ ಜಗಳಕ್ಕೆ ನಿಲ್ಲುತ್ತಾಳೆ."

ನಾವು ನಕ್ಕೆವು. ಅಜ್ಜಿ ಎಲೆಯಡಿಕೆ ತೆಗೆಯಲು ತಮ್ಮ ಕೈಚೀಲವನ್ನು ಬಿಚ್ಚಿದರು. ಅದು ಆ ಮಗುವಿನ ಚೀಲವೇ ಆಗಿತ್ತು. "ನನಗೆ ಬೇಡವೆಂದು ತಾನೇ ಕೊಟ್ಟಳು" ಎಂದರು.