ಹಳೆಯ ಮಾದರಿಯ ಹೊಸ ಗಾಡಿ

ಕ್ರಯವಿಕ್ರಯಗಳಲ್ಲಿ ಉಪಾಧ್ಯಾಯರಷ್ಟು ಅಯೋಗ್ಯರು ಮತ್ತಾರೂ ಇಲ್ಲವೆಂಬ ಲೋಕಾಪವಾದವೊಂದು ಬಹುಕಾಲದಿಂದ ನಡೆದುಬಂದಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಮೂವತ್ತನಾಲ್ಕು ವರ್ಷ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಕಳೆದ ನಮ್ಮಂಥವರಿಗೆ ಸುರಪುರದ ಸಂತೆಯಲ್ಲಿ ಬದನೆಕಾಯಿಯ ದರವನ್ನು ಎರಡು ರೂಪಾಯಿ ಇಳಿಸುವದೂ ಕಷ್ಟವೇ ಸರಿ. ಅಂಥ ಕಾರ್ಯಗಳನ್ನೆಲ್ಲ ನಮ್ಮ ಮನೆಯವರೇ ನಿರ್ವಹಿಸುತ್ತ ಬಂದಿದ್ದಾರೆ. ಹೀಗಿರಲು ನಿವೃತ್ತಿಯ ತರುವಾಯ ಕೈಗೆ ಬಂದ ಹಣದಲ್ಲಿ ಒಂದು ಮೋಟಾರು ಗಾಡಿಯನ್ನು ಕೊಳ್ಳುವ ಪ್ರಸಂಗವು ನಮಗೊದಗಿತು. ಅದರ ವೃತ್ತಾಂತವು ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಗಾಡಿಯು ಶೋಕಿಗಾಗಿ ಬೇಕಾದದ್ದಲ್ಲ. ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ತಿಂಗಳಿಗೆರಡು ಸಲ ಅವರನ್ನು ವೈದ್ಯರಲ್ಲಿಗೆ, ಒಮ್ಮೆ ಯಾದಗಿರಿಗೆ ಒಮ್ಮೆ ಕಲಬುರಗಿಗೆ, ಕರೆದೊಯ್ಯಬೇಕಾಗಿತ್ತು. ಬಸ್ಸಿನ ಮೊದಲನೆಯ ಮೆಟ್ಟಿಲು ಅವರ ಮೊಣಕಾಲಿಗಿಂತಲೂ ಎತ್ತರ. ಬಾಡಿಗೆಯ ಗಾಡಿಯವನು ಬರುವೆನೆಂದು ಹೇಳಿ ಬಾರದೆ ಹೋದ ಒಂದು ದಿನ ಅವರು ಒಗೆದ ಸೀರೆಯುಟ್ಟು, ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಟ್ಟೆಯ ಮೇಲೆ ಎರಡು ತಾಸು ಕುಳಿತಿದ್ದು, ಕಡೆಗೆ "ಇರಲಿ ಬಿಡಪ್ಪಾ, ಮುಂದಿನ ತಿಂಗಳ ಹೋದ್ರಾತು" ಎಂದು ಒಳಗೆ ಹೋದರು. ವೈದ್ಯರು ಹೇಳಿದ ತಿಂಗಳು ಅದಾಗಿರಲಿಲ್ಲ. ಆ ಸಂಜೆಯೇ ನಾವು ಹಣದ ಲೆಕ್ಕ ಹಾಕಿದೆವು. ಏಳು ಲಕ್ಷ ರೂಪಾಯಿಗಳಿಗಿಂತ ಹೆಚ್ಚು ಗಾಡಿಗೆ ಹೋದರೆ ಉಪಚಾರದ ಹಣಕ್ಕೆ ಕೈ ಹಾಕಬೇಕಾಗುವದೆಂದು ಕಂಡುಬಂತು.

ಆ ದಿನಗಳಲ್ಲಿ, ಅಂದರೆ 2024ರ ನವೆಂಬರ್ 11ರಂದು, ಮಾರುತಿಯವರು ತಮ್ಮ ಡಿಸೈರ್ ಗಾಡಿಯ ಹೊಸ ಅವತಾರವನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮುಂಚಿನದು 2017ರಿಂದ ನಡೆದುಬಂದ ಮಾದರಿ. ಹೊಸದು ಬಂದ ದಿನವೇ ಹಳೆಯದು ಮುದಿಯಾಯಿತು. ನಿನ್ನೆ ಇದ್ದ ಚಕ್ರವೇ, ನಿನ್ನೆ ಇದ್ದ ಯಂತ್ರವೇ, ಆದರೆ ಬೀದಿಯ ಜನರ ಕಣ್ಣಿಗೆ ಅದೀಗ ಹಳೆಯದು. ಮೈಲಿಗೆಯಂತೆ ಇದೊಂದು ವಿಚಿತ್ರ ವಿಕಾರ, ವಸ್ತುವಿಗೆ ತಗಲದೆ ಬೆಲೆಗೆ ಮಾತ್ರ ತಗಲುವಂಥದು. ಏಳು ಲಕ್ಷದ ಮನುಷ್ಯನಿಗೆ ಇದಕ್ಕಿಂತ ಅನುಕೂಲವಾದ ವಿಕಾರವಿನ್ನೇನಿದೆ!

ಪಾಣಿನಿಯು 'ಕ್ರೇಯ' ಮತ್ತು 'ಕ್ರಯ್ಯ' ಎಂದು ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಸಾಧಿಸಿದ್ದಾನೆ. ಕೊಳ್ಳಬೇಕಾದದ್ದು ಕ್ರೇಯ, ಮಾರುವದಕ್ಕೆಂದೇ ಅಂಗಡಿಯಲ್ಲಿ ಹರವಿಟ್ಟದ್ದು ಕ್ರಯ್ಯ. ಈ ಭೇದವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ನಮಗೆ ಅದರ ಪ್ರಯೋಜನವು ಅರುವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ಯಾದಗಿರಿಯ ಒಂದು ಕಾರಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಓಡಿಸಿ ತೋರಿಸುವದಕ್ಕೆಂದು ಇಟ್ಟಿದ್ದ ಹಳೆಯ ಮಾದರಿಯ ಡಿಸೈರ್ ಒಂದಿತ್ತು. ಅದನ್ನು ಮಾರಲೆಂದು ಯಾರೂ ಹರವಿಟ್ಟಿರಲಿಲ್ಲ, ಅದು ಕ್ರಯ್ಯವಲ್ಲ. ಆದರೆ ಹೊಸ ಮಾದರಿಯು ಬಂದಮೇಲೆ ಹಳೆಯದನ್ನು ಯಾರಿಗೆ ತೋರಿಸಬೇಕು? ಅದು ಅಂಗಡಿಯವರಿಗೆ ಜಾಗವನ್ನೂ ಬಡ್ಡಿಯನ್ನೂ ತಿನ್ನುವ ಅತಿಥಿಯಾಗಿತ್ತು. ನಮಗೆ ಅದೇ ಕ್ರೇಯವೆಂದು ತೋರಿತು.

ಕಾಲವೂ ನಮ್ಮ ಪಕ್ಷದಲ್ಲಿತ್ತು. ಡಿಸೆಂಬರದ ನಡುವಿನಿಂದ ಸಂಕ್ರಮಣದವರೆಗೆ ಧನುರ್ಮಾಸ. ಆಗ ಹೊಸ ವಾಹನವನ್ನು ಮನೆಗೆ ತರುವವರು ನಮ್ಮ ಕಡೆ ವಿರಳ. ಅತ್ತ ಇಂಗ್ಲಿಷ್ ವರ್ಷವು ಮುಗಿಯುತ್ತಲೇ ಗಾಡಿಗೆ ಒಂದು ವರ್ಷ ವಯಸ್ಸು ಹೆಚ್ಚುತ್ತದೆ. ತಯಾರಾದ ತಿಂಗಳೂ ವರ್ಷವೂ ನೋಂದಣಿ ಪತ್ರದಲ್ಲಿಯೇ ಅಚ್ಚಾಗಿರುವದರಿಂದ ಮುಂದೆ ಅದನ್ನು ಕೊಳ್ಳುವವನು ಅಲ್ಲಿಂದಲೇ ಎಣಿಸುವನು. ಗಿರಾಕಿಗಳಿಲ್ಲದ ಮಾಸವೂ ವರ್ಷಾಂತ್ಯದ ಲೆಕ್ಕವೂ ಕೂಡುವ ಎರಡು ವಾರಗಳು ವರ್ಷಕ್ಕೆ ಒಂದೇ ಸಲ ಬರುತ್ತವೆ. ಮಾತುಕತೆಯನ್ನು ಧನುರ್ಮಾಸದಲ್ಲಿ ಮುಗಿಸಿ ಗಾಡಿಯನ್ನು ಸಂಕ್ರಮಣದ ನಂತರ ತರತಕ್ಕದ್ದೆಂದು ನಿಶ್ಚಯಿಸಿದೆವು. ಶಾಸ್ತ್ರಕ್ಕೂ ಭಂಗವಿಲ್ಲ, ಹಣಕ್ಕೂ ಭಂಗವಿಲ್ಲ.

ಹೈದರಾಬಾದಿನಲ್ಲಿ ಇಂಥ ಗಾಡಿಗಳು ಇನ್ನೂ ಅಗ್ಗವೆಂದು ನೆರೆಯವರೊಬ್ಬರು ಆಸೆ ಹಚ್ಚಿದರು. ತೆಲಂಗಾಣದ ಗಾಡಿಯನ್ನು ಇಲ್ಲಿಗೆ ತಂದು ಇಟ್ಟುಕೊಂಡರೆ ಅಲ್ಲಿಯ ನಿರಾಕ್ಷೇಪಣ ಪತ್ರವನ್ನು ತರಬೇಕು, ಇಲ್ಲಿಯ ಜೀವಾವಧಿ ತೆರಿಗೆಯನ್ನು ಬೇರೆಯಾಗಿ ತುಂಬಬೇಕು, ಸಂಖ್ಯೆಯನ್ನು ಬದಲಾಯಿಸಬೇಕು. ಅಗ್ಗವೆಲ್ಲ ಅಲ್ಲಿಗೇ ಕರಗುವದು. ಯಾದಗಿರಿಯ ಗಾಡಿಗೆ ಕೆಎ 33ರ ಸಂಖ್ಯೆಯಿತ್ತು, ತೆರಿಗೆಯೂ ಸಂದಿತ್ತು.

ಆದರೆ ಅಂಗಡಿಯೊಳಗೆ ಕಾಲಿಟ್ಟೊಡನೆ ನಮ್ಮ ಯುದ್ಧಸನ್ನಾಹವೆಲ್ಲ ಕುಸಿಯುವ ಹಾಗಾಯಿತು. ಮಾರಾಟದ ಮೇಜಿನ ಹಿಂದೆ ನಿಂತಿದ್ದವನು ನಮ್ಮ ಹಳೆಯ ವಿದ್ಯಾರ್ಥಿ. ಕಾಲು ಮುಟ್ಟಿ ನಮಸ್ಕರಿಸಿದನು, ಚಹಾ ತರಿಸಿದನು, ತರುವಾಯ ಕೈ ಕಟ್ಟಿಕೊಂಡು, "ಸರ್, ನಿಮ್ಮ ಹತ್ರ ನಾ ಏನ್ ಚೌಕಾಶಿ ಮಾಡ್ಲಿ? ನೀವ ಒಂದು ಮಾತು ಹೇಳ್ರಿ, ಅಷ್ಟಕ್ಕ ಮುಗಸ್ತೀನಿ" ಎಂದನು.

ನಮ್ಮ ಸೀಮೆಯಲ್ಲಿ ಭಿಡೆ ಎಂಬದೊಂದು ವಸ್ತುವಿದೆ. ಎದುರಾಳಿಯು ಒರಟನಾದರೆ ಚೌಕಾಶಿಯು ಸುಲಭ. ಮರ್ಯಾದೆಯಿಂದ ನಡೆದುಕೊಂಡನೋ, ಕೊಳ್ಳುವವನ ನಾಲಿಗೆಯು ಕಟ್ಟಿಬಿಡುವದು. ನಾವು ಕಡಿಮೆ ಹೇಳಿದರೆ ಆ ಹುಡುಗನು ಗುರುವಿನ ಮಾತನ್ನು ಮೀರಲಾರದೆ ತನ್ನ ಕಮಿಶನ್ನಿನಲ್ಲಿ ಕೊರತೆಯನ್ನು ತುಂಬಿಕೊಡುವನು. ಅವನಿಗೆ ಮನೆಯುಂಟು, ಮಕ್ಕಳುಂಟು. ಹೆಚ್ಚು ಹೇಳಿದರೆ ತಾಯಿಯವರ ಔಷಧದ ಹಣವು ಹೋಗುವದು. ಶಿಷ್ಯನ ಜೇಬಿನಿಂದ ಗುರುದಕ್ಷಿಣೆಯನ್ನು ಹೀಗೆ ಎತ್ತುವದು ಎಂಥ ಮಾನ? ಆದುದರಿಂದ ನಾವು ಅಂದು ಯಾವ ಮಾತನ್ನೂ ಹೇಳದೆ, ಬೆಲೆಯನ್ನು ಗೊತ್ತುಮಾಡುವವರಾರು ಎಂದಷ್ಟೇ ಕೇಳಿದೆವು. ಮ್ಯಾನೇಜರರೆಂದು ತಿಳಿಯಿತು. ಅವರು ಕೇಳುತ್ತಿದ್ದದ್ದು 7 ಲಕ್ಷ 40 ಸಾವಿರ. "ಗಾಡಿಯನ್ನು ಸುರಪುರಕ್ಕೆ ತಂದು ತೋರಿಸು, ಬೆಲೆಯ ಮಾತನ್ನು ಕಾಗದದಲ್ಲಿ ಬರೆದು ಕೊಡುವೆವು" ಎಂದು ಹೇಳಿ ಎದ್ದುಬಂದೆವು.

ಮರುದಿನ ಬೆಳಗ್ಗೆ ಶಹಾಪುರದ ಮೇಲಿಂದ ಗಾಡಿಯು ಬಂತು. ಪರೀಕ್ಷೆಯ ವಿಷಯದಲ್ಲಿ ಯಾಜ್ಞವಲ್ಕ್ಯಸ್ಮೃತಿಯು ಬಹು ಉದಾರವಾದದ್ದು: ಕೊಂಡ ಬೀಜಕ್ಕೆ ಹತ್ತು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ಕಬ್ಬಿಣಕ್ಕೆ ಒಂದು ದಿನ ಎಂದು ಅವಧಿಗಳನ್ನು ಕೊಡುತ್ತದೆ. ಮೋಟಾರು ಗಾಡಿಯು ಪಶುವೋ ಕಬ್ಬಿಣವೋ ಎಂಬ ಜಿಜ್ಞಾಸೆಯನ್ನು ಬಿಟ್ಟು, ಒಂದು ರಾತ್ರಿ ನಮ್ಮಲ್ಲಿಯೇ ಇರಲೆಂದು ಕೇಳಿಕೊಂಡೆವು. ಬೆಳಗಿನ ಚಳಿಯಲ್ಲಿ ತಣ್ಣಗಿರುವ ಯಂತ್ರವನ್ನು ಮೊದಲ ಸಲ ಹಚ್ಚಿದಾಗ ಕೇಳುವ ಸದ್ದು ಅಂಗಡಿಯ ಅಂಗಳದಲ್ಲಿ ಕೇಳದು.

ನಮ್ಮ ತಂದೆಯವರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು. ದರದ ಮಾತು ವಲ್ಲಿಯ ಕೆಳಗೆ ಬೆರಳುಗಳಲ್ಲಿ ಆಮೇಲೆ. ಗಾಡಿಯ ಹಲ್ಲು ಅದರ ಟಾಯರು. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆಯಿರುತ್ತದೆ: ಮೊದಲಿನ ಎರಡು ತಯಾರಾದ ವಾರ, ಕಡೆಯ ಎರಡು ವರ್ಷ. ನಾಲ್ಕು ಟಾಯರುಗಳೂ ಡಿಕ್ಕಿಯೊಳಗಿನ ಐದನೆಯದೂ ಗಾಡಿಯ ಜನ್ಮಕಾಲಕ್ಕೆ ಹೊಂದಬೇಕು. ಇಲ್ಲಿ ಮುಂದಿನ ಎಡಗಡೆಯದು ಮಾತ್ರ ಐದು ತಿಂಗಳು ಚಿಕ್ಕದಾಗಿತ್ತು. ಅಪಘಾತವಾಗಿತ್ತೇನೆಂದು ಸರ್ವಿಸ್ ದಾಖಲೆಯನ್ನು ತರಿಸಿ ನೋಡಿದರೆ ಕಲ್ಲು ತಾಗಿ ಹರಿದದ್ದಕ್ಕೆ ಬದಲಾಯಿಸಿದ ನಮೂದಿತ್ತು. ಓಡಿದ ದೂರ 6,200 ಕಿಲೋಮೀಟರು. ಇದು ಅಲ್ಪವೆಂದು ಹಿಗ್ಗತಕ್ಕದ್ದಲ್ಲ. ತೋರಿಸುವ ಗಾಡಿಯನ್ನು ನೂರಾರು ಜನ ಹತ್ತು ಹತ್ತು ನಿಮಿಷ ಓಡಿಸಿರುತ್ತಾರೆ. ಅವರಲ್ಲಿ ಅರ್ಧ ಜನ ಆ ಗಾಡಿಗೆ ಹೊಸಬರು, ಕಾಲು ಭಾಗ ಓಡಿಸುವದಕ್ಕೇ ಹೊಸಬರು. ಅವರೆಲ್ಲರ ಸಿಟ್ಟು ಕ್ಲಚ್ಚಿನ ಮೇಲೆ. ಅದಕ್ಕಾಗಿ ನಾಲ್ಕು ಜನ ಕುಳಿತು ಟೇಲರ್ ಮಂಜಿಲಿನ ಏರನ್ನು ಏರಿಸಿದೆವು. ನಡುವೆ ನಿಲ್ಲಿಸಿ ಮತ್ತೆ ಎತ್ತಿದೆವು. ತುಸು ಕಂಪಿಸಿದರೂ ಏರಿತು. ನಮ್ಮೂರಿನ ಮಿಸ್ತ್ರಿಯು ಇದರ ಯಂತ್ರಕ್ಕೆ ನಾಲ್ಕು ಸಿಲಿಂಡರೆಂದೂ ಹೊಸ ಮಾದರಿಯದಕ್ಕೆ ಮೂರೇ ಎಂದೂ ಹೇಳಿ, ನಾಲ್ಕರದು ಮೃದುವಾದ ಓಟವೆಂದು ತೀರ್ಪು ಕೊಟ್ಟನು.

ಅಷ್ಟರಲ್ಲಿ ಬೆಂಗಳೂರಿನಿಂದ ಮಗಳ ಫೋನು ಬಂತು. "ಅಪ್ಪಾ, ಹೊಸಾದಕ್ಕ ಆರು ಏರ್‌ಬ್ಯಾಗ್ ಅದಾವ, ಗ್ಲೋಬಲ್ ಎನ್‌ಕ್ಯಾಪ್‌ನವ್ರು ಐದು ನಕ್ಷತ್ರ ಕೊಟ್ಟಾರ. ಹಳೇದಕ್ಕ ಎರಡ, ಅವೂ ಮುಂದ. ಅಜ್ಜಿ ಕೂಡೋದು ಹಿಂದ" ಎಂದಳು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹೊಸ ಮಾದರಿಯಲ್ಲಿ ನಮಗೆ ಬೇಕಾದ ದರ್ಜೆಯದಕ್ಕೆ ಆಗ 7 ಲಕ್ಷ 79 ಸಾವಿರ. ಅದರ ಮೇಲೆ ಶೇಕಡಾ 14ರ ಜೀವಾವಧಿ ತೆರಿಗೆಯೇ 1 ಲಕ್ಷ 9 ಸಾವಿರ, ತೆರಿಗೆಯ ಮೇಲೆ ಸೆಸ್ಸು, ವಿಮೆ. ಒಟ್ಟು ಒಂಬತ್ತು ಲಕ್ಷವನ್ನು ದಾಟುತ್ತಿತ್ತು. ಮಗಳು ವ್ಯತ್ಯಾಸವನ್ನು ತಾನು ಕೊಡುವೆನೆಂದಳು. ಅವಳ ಮೇಲೆ ಮನೆಯ ಸಾಲವಿರುವದನ್ನು ನಾವು ಬಲ್ಲೆವು. ಕಡೆಗೆ ಅವಳೇ ಕರಾರು ಹಾಕಿದಳು: ಹಿಂದೆ ಕುಳಿತವರೂ ಬೆಲ್ಟು ಹಾಕಬೇಕು, ಕತ್ತಲಾದ ಮೇಲೆ ಗಾಡಿಯನ್ನು ತೆಗೆಯಕೂಡದು, ಅರುವತ್ತು ಕಿಲೋಮೀಟರಿನ ವೇಗವನ್ನು ಮೀರಕೂಡದು. ಒಪ್ಪಿದೆವು. ಈ ಕೊರತೆಗೆ ಅಂಗಡಿಯವರು ಬೆಲೆ ತೆರಬೇಕೆಂಬದನ್ನೂ ನಿಶ್ಚಯಿಸಿದೆವು.

ಆ ರಾತ್ರಿ ಒಂದು ಹಾಳೆಯ ಮೇಲೆ, ಉತ್ತರಪತ್ರಿಕೆಯನ್ನು ತಿದ್ದುವ ರೀತಿಯಲ್ಲಿ ಬರೆದೆವು. ಮೇಲೆ ಹೊಸ ಮಾದರಿಯು ಮನೆಗೆ ಬಂದು ಬೀಳುವ ಬೆಲೆ. ಅದರ ಕೆಳಗೆ ಒಂದೊಂದಾಗಿ ಕಳೆಯುವದು: ಎರಡನೆಯ ಒಡೆತನ, ಕಳೆದುಹೋದ ವರ್ಷ, ನಿಂತುಹೋದ ಮಾದರಿ, ಕ್ಲಚ್ಚು, ನಾಲ್ಕು ಏರ್‌ಬ್ಯಾಗುಗಳ ಅಭಾವ, ಕಾರ್ಖಾನೆಯ ಖಾತರಿಯೂ ಮೊದಲು ಮಾರಾಟವಾದ ದಿನದಿಂದಲೇ ಓಡುವದರಿಂದ ಅದರಲ್ಲಿ ಸವೆದ ತಿಂಗಳುಗಳು. ಕೆಳಗೆ ಉಳಿದದ್ದು 6 ಲಕ್ಷ 50 ಸಾವಿರ. ಹಾಳೆಯನ್ನು ಶಿಷ್ಯನ ಕೈಗೆ ಕೊಟ್ಟು, "ಇದನ್ನು ನಿಮ್ಮ ಮ್ಯಾನೇಜರರಿಗೆ ಕೊಡು. ತಪ್ಪಿದ್ದಲ್ಲಿ ಕೆಂಪು ಶಾಯಿಯಿಂದ ತಿದ್ದಲಿ. ನೀನು ನಡುವೆ ಮಾತಾಡಬೇಡ" ಎಂದೆವು. ಅವನ ಮುಖದಲ್ಲಿ ಒಂದು ಬಿಡುಗಡೆಯು ಕಂಡಿತು.

ಮೂರು ದಿನ ಸುದ್ದಿಯಿಲ್ಲ. ಈ ಮೂರು ದಿನಗಳಲ್ಲಿ ನಮಗೆ ಫೋನು ಮಾಡಬೇಕೆಂದು ಕೈ ತುರಿಸಿದ್ದನ್ನು ನಮ್ಮ ಮನೆಯವರೇ ತಡೆದರು. ಸಂತೆಯ ಅನುಭವವೆಂದರೆ ಇದು. ನಾಲ್ಕನೆಯ ದಿನ ಕರೆ ಬಂತು: ಜನವರಿಯಿಂದ ಕಂಪನಿಯವರು ಬೆಲೆಗಳನ್ನು ಏರಿಸುವದಾಗಿ ಪ್ರಕಟಿಸಿರುವರು, ತ್ವರೆ ಮಾಡಬೇಕು ಎಂದು. ಸುದ್ದಿ ನಿಜವೇ. ಆದರೆ ಏರುವದು ಹೊಸ ಗಾಡಿಯ ಬೆಲೆ. ಹಳೆಯ ಮಾದರಿಗೆ ಜನವರಿಯು ತರುವದು ಒಂದು ವರ್ಷದ ಮುಪ್ಪನ್ನು ಮಾತ್ರ. ಇಷ್ಟನ್ನೇ ಹೇಳಿ ಸುಮ್ಮನಾದೆವು. ಸೀಟಿನ ಹೊದಿಕೆ, ನೆಲಹಾಸು, ಗಣಪತಿಯ ಮೂರ್ತಿ ಇವನ್ನೆಲ್ಲ ಉಚಿತವಾಗಿ ಕೊಡುವೆವೆಂದರು. ಗಣಪತಿಯು ನಮ್ಮ ಮನೆಯಲ್ಲಿ ಮೊದಲೇ ಇದ್ದಾನೆಂದೂ, ಉಳಿದವುಗಳ ಬೆಲೆಯನ್ನು ಕಳೆಯಬೇಕೆಂದೂ ಹೇಳಿದೆವು. ಡಿಸೆಂಬರ್ 30ರ ಸಂಜೆ ನಮ್ಮ ಹಾಳೆಯು ಮರಳಿ ಬಂತು. ಕ್ಲಚ್ಚಿನ ಎದುರಿಗಿದ್ದ ಅಂಕಿಯೊಂದನ್ನು ನಿಜವಾಗಿಯೂ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಕೆಳಗೆ 6 ಲಕ್ಷ 75 ಸಾವಿರ. ತಿದ್ದುಪಡಿಯು ನ್ಯಾಯವಾಗಿ ತೋರಿತು. ಒಪ್ಪಿದೆವು.

ಬಿಲ್ಲಿನಲ್ಲಿ ಮಾತ್ರ 'ನಿರ್ವಹಣಾ ವೆಚ್ಚ' ಎಂಬ ಏಳೂವರೆ ಸಾವಿರದ ಅನಾಮಧೇಯ ಪ್ರಾಣಿಯೊಂದು ಬಂದು ಕುಳಿತಿತ್ತು. ಯಾವುದರ ನಿರ್ವಹಣೆಯೆಂದು ಕೇಳಿದಾಗ ಯಾರಿಗೂ ಹೇಳಲು ಬರಲಿಲ್ಲವಾಗಿ ಅದು ಹೊರಟುಹೋಯಿತು. ವಿಮೆಯನ್ನು ತಮ್ಮಲ್ಲಿಯೇ ಮಾಡಿಸತಕ್ಕದ್ದೆಂದರು. ವಿಮೆಯ ಕಂಪನಿಯನ್ನು ಆರಿಸುವ ಹಕ್ಕು ಕೊಳ್ಳುವವನದೆಂದು ತಿಳಿಸಿದೆವು. ಇವೆಲ್ಲಕ್ಕೂ ಮಿಗಿಲಾದ ಸಂಗತಿಯೊಂದಿತ್ತು: ನೋಂದಣಿ ಪತ್ರದ ಮೇಲೆ ಬ್ಯಾಂಕಿನ ಹೆಸರು. ಅಂಗಡಿಯವರು ಗಾಡಿಯನ್ನು ಸಾಲದ ಮೇಲೆ ಇಟ್ಟುಕೊಂಡಿದ್ದರು. ಸಾಲ ತೀರಿದ ಬ್ಯಾಂಕಿನ ಪತ್ರ, ಒತ್ತೆಯನ್ನು ತೆಗೆಯುವ 35ನೆಯ ನಮೂನೆ, ಒಡೆತನ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳು, ಇವು ಕೈಗೆ ಬರುವವರೆಗೆ ನಾವು ಐವತ್ತು ಸಾವಿರ ಮುಂಗಡದ ಮೇಲೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ವಾಚಕರಲ್ಲಿ ಭಿಡೆಸ್ಥರಾದವರು ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬಾರದು.

ಸಂಕ್ರಮಣ ಕಳೆದು ಮೂರನೆಯ ದಿನ ತಾಯಿಯವರು ಹಿಂದಿನ ಆಸನದಲ್ಲಿ ಕುಳಿತು ಯಾದಗಿರಿಗೆ ಹೋದರು. ಶಹಾಪುರದ ಹತ್ತಿರ ಮಲಗಿದ ಬುದ್ಧನ ಬೆಟ್ಟವನ್ನು ಕಂಡು, ಬಸ್ಸಿನಲ್ಲಿ ನಿಂತವರ ಮೈ ಅಡ್ಡವಾಗಿ ಇದನ್ನು ಸರಿಯಾಗಿ ನೋಡಿಯೇ ಇರಲಿಲ್ಲವೆಂದರು. ಬೆಲ್ಟಿನ ಬಗ್ಗೆ ಅವರಿಗೆ ಅಸಮಾಧಾನ. ಭೀಮೆಯ ಸೇತುವೆಯನ್ನು ದಾಟುವವರೆಗೂ ಅದನ್ನು ಎಳೆಯುತ್ತಲೇ ಇದ್ದರು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆಯು, ಸೆಸ್ಸು ಸೇರಿ ಶೇಕಡಾ 29 ಇದ್ದದ್ದು, 18ಕ್ಕೆ ಇಳಿದಾಗ ನೆರೆಯವರು ಮರುಕದಿಂದ ಬಂದರು: "ಎಂಟು ತಿಂಗಳು ತಡೆದಿದ್ರ ಎಷ್ಟು ಉಳೀತಿತ್ರೀ!" 129ಕ್ಕೆ ಮಾರುತ್ತಿದ್ದದ್ದು 118ಕ್ಕಾದರೆ ನೂರಕ್ಕೆ ಎಂಟೂವರೆ ಇಳಿದಂತೆ. ಆ ಇಳಿಕೆಯಲ್ಲಿಯೂ ಹೊಸ ಮಾದರಿಯು ನಮ್ಮ ಏಳು ಲಕ್ಷದೊಳಗೆ ಬರುತ್ತಿರಲಿಲ್ಲ. ಆ ಎಂಟು ತಿಂಗಳಲ್ಲಿ ತಾಯಿಯವರು ವೈದ್ಯರಲ್ಲಿಗೆ ಹದಿನೇಳು ಸಲ ಹೋಗಿಬಂದಿದ್ದರು. ಇದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ಅವರನ್ನು ಕೇಳಿದೆವು. ಅವರು ಚಹಾ ಕುಡಿದು ಹೋದರು.

ಒಂದು ಮಾತು ಉಳಿಯಿತು. ಗಾಡಿಯನ್ನು ತರುವಾಗ ಒಂದೇ ಕೀಲಿಕೈಯನ್ನು ಕೊಟ್ಟಿದ್ದರು, ಎರಡನೆಯದು ಹುಡುಕಬೇಕೆಂದರು. ಅದು ಸಿಕ್ಕದೆ ಹೋದರೆ ಹೊಸದನ್ನು ಮಾಡಿಸುವ ವೆಚ್ಚ ಅಂಗಡಿಯದೆಂದು ಬರೆಸಿಕೊಂಡಿದ್ದೆವು. ಹದಿನೈದು ದಿನಗಳ ಮೇಲೆ ಒಂದು ಭಾನುವಾರ ನಮ್ಮ ಶಿಷ್ಯನು ತನ್ನ ಮೋಟಾರುಸೈಕಲ್ಲಿನ ಮೇಲೆ ಹೆಂಡತಿಯನ್ನೂ ಮಗನನ್ನೂ ಕೂಡಿಸಿಕೊಂಡು ಸುರಪುರಕ್ಕೆ ಬಂದು, ಅದನ್ನು ತಾಯಿಯವರ ಕೈಯಲ್ಲಿಟ್ಟನು. ಕಮಿಶನ್ನು ಪೂರಾ ಬಂತೇನೆಂದು ಕೇಳಿದೆವು. ಬಂತೆಂದನು. ಮಗನು ಎಂಟನೆಯ ತರಗತಿಯಂತೆ. ಮೂರನೆಯ ಭಾಷೆಯಾಗಿ ಸಂಸ್ಕೃತವನ್ನು ತೆಗೆದುಕೊಂಡಿದ್ದು ವಿಭಕ್ತಿಗಳು ತಲೆಗೆ ಹತ್ತುತ್ತಿಲ್ಲವಂತೆ. ಊಟವಾಗುವವರೆಗೆ ಅವನನ್ನು ಕೂಡಿಸಿಕೊಂಡು ಅಕಾರಾಂತ ಪುಲ್ಲಿಂಗವನ್ನು ಹೇಳಿಕೊಟ್ಟೆವು.