ಮಳೆಗಾಲ ದಾಟಿಸಬೇಕಾದ ಗಿಡ

ಹಸ್ತ ಮಳೆ ಹಿಡಿದಿದೆ. ತಾರಸಿಯ ಕುಂಡಗಳಲ್ಲಿ ಜೆರೇನಿಯಂ ಒಂದೊಂದಾಗಿ ಕೊಳೆಯುತ್ತಿದೆ. ಮಣ್ಣಿಗೆ ತಾಗಿದ ಕಡೆ ಕಾಂಡ ಕಪ್ಪಗಾಗಿ, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ತುದಿಯ ಎಲೆಗಳು ಮಾತ್ರ ಇನ್ನೂ ಹಸಿರು. ಒಂದು ಗೊಂಚಲು ಮೊಗ್ಗೂ ಇದೆ. ಬುಡ ಸತ್ತಿರುವುದು ತುದಿಗೆ ಇಷ್ಟು ದಿನ ಗೊತ್ತೇ ಆಗುವುದಿಲ್ಲವೇ? ರಸ ತುಂಬಿದ ಕಾಂಡವಾದ್ದರಿಂದ ಒಳಗೆ ಇಟ್ಟುಕೊಂಡ ನೀರಿನಲ್ಲೇ ಬದುಕುತ್ತಿರಬೇಕು. ಕಪ್ಪಿನಿಂದ ಸಾಕಷ್ಟು ಮೇಲಕ್ಕೆ ಕತ್ತರಿಸಿ ನೋಡಿದೆ. ತಿರುಳು ಬಿಳಿ ಹಸಿರು, ಶುದ್ಧವಾಗಿದೆ. ಈ ಕಡ್ಡಿ ಉಳಿಯಬಹುದು.

ನರ್ಸರಿಯವರು ಮೊದಲೇ ಹೇಳಿದ್ದರು: "ಮೇಡಂ, ಇದು ಮಳೆಗೆ ನಿಲ್ಲಲ್ಲ. ದೀಪಾವಳಿ ಕಳೀಲಿ, ಆಮೇಲೆ ತಗೊಂಡ್ಹೋಗಿ."

*

ತೋಟಗಾರಿಕೆಯ ಪುಸ್ತಕಗಳಿಗೆಲ್ಲ ಚಳಿಗಾಲದ್ದೇ ಚಿಂತೆ. ಯುರೋಪಿನಲ್ಲಿ ಹಿಮ ಬೀಳುವ ಮೊದಲೇ ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಇಲ್ಲವೇ ಚೆನ್ನಾಗಿ ಸವರಿ, ತಂಪು ಕಿಟಕಿಯ ಬಳಿ, ನೀರು ತೋರಿಸಿಯೂ ತೋರಿಸದಂತೆ ವಸಂತದವರೆಗೆ ಇಡುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆ ಚಳಿಯೂ ಈ ಗಿಡವನ್ನು ಕೊಲ್ಲುವುದಿಲ್ಲ. ನಾವಿರುವ ಜಕ್ಕೂರಿನ ಡಿಸೆಂಬರ್ ಇದಕ್ಕೆ ಹಬ್ಬ. ಹೂ ಬಿಡುವುದೇ ಆಗ.

'ಚಳಿಗಾಲ' ಎಂದಿರುವಲ್ಲೆಲ್ಲ 'ಮಳೆಗಾಲ' ಎಂದು ಓದಿಕೊಂಡರೆ ಆ ಸಲಹೆಗಳು ಬಹುಮಟ್ಟಿಗೆ ನಮಗೂ ಹೊಂದುತ್ತವೆ: ಸವರು, ನೀರು ಕಡಿಮೆ ಮಾಡು, ಬೆಳಕಿರುವ ಒಣ ಜಾಗದಲ್ಲಿಡು. ಆದರೆ ಒಂದು ತೊಡಕಿದೆ. ಅಲ್ಲಿ ಚಳಿಯೇ ಗಿಡವನ್ನು ಮಲಗಿಸುತ್ತದೆ. ಇಲ್ಲಿ ಜುಲೈ ರಾತ್ರಿಯೂ 20 ಡಿಗ್ರಿ ಆಸುಪಾಸು. ಗಿಡ ಎಚ್ಚರವಾಗಿಯೇ ಇರುತ್ತದೆ, ಬೆಳೆಯಲು ನೋಡುತ್ತದೆ, ಮೋಡ ಕವಿದು ಬಿಸಿಲಿಲ್ಲ. ಎಚ್ಚರವಾಗಿರುವ ಗಿಡವನ್ನು ಹಸಿವಿನಲ್ಲಿ ಇಡುವುದು ಹೇಗೆ?

*

ಮಳೆಗಾಲ ದಾಟಿಸುವ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಕಾಡಿದ್ದು ಸಿಮ್ಯಾಪ್‌ನವರನ್ನು. ಸುಗಂಧ ಸಸ್ಯಗಳ ಈ ಸಂಸ್ಥೆಯ ಕೇಂದ್ರ ಕಚೇರಿ ಲಖನೌದಲ್ಲಿ. ಬೆಂಗಳೂರಿನ ಸಂಶೋಧನಾ ಕೇಂದ್ರ ನಮ್ಮ ಪಕ್ಕದ ಅಲ್ಲಾಳಸಂದ್ರದಲ್ಲಿ. ಅವರ ಜೆರೇನಿಯಂ ಹೂವಿಗಲ್ಲ, ಎಲೆಯ ಎಣ್ಣೆಗೆ. ಗುಲಾಬಿಯ ಪರಿಮಳ ಕೊಡುವ ಜೆರಾನಿಯಾಲ್, ಸಿಟ್ರೊನೆಲಾಲ್ ಅದರಲ್ಲಿವೆ. ಉತ್ತರದ ಬಯಲಿನಲ್ಲಿ ಬೇಸಿಗೆಗೆ ಕೊಯ್ಲು ಮುಗಿಯುತ್ತದೆ, ಆದರೆ ಮುಂದಿನ ಸಲಕ್ಕೆ ಕಡ್ಡಿ ಕೊಡಬೇಕಾದ ತಾಯಿಗಿಡಗಳು ಮಳೆಗೆ ಸಾಯುತ್ತವೆ. ಹಿಂದೆ ಅವನ್ನು ಎಸಿ ಗಾಜಿನ ಮನೆಗಳಲ್ಲಿ ಕಾಪಾಡುತ್ತಿದ್ದರು. ಆಮೇಲೆ ಸಿಮ್ಯಾಪ್ ಕಂಡುಕೊಂಡದ್ದು ಪಾರದರ್ಶಕ ಪಾಲಿಥೀನ್ ಹೊದಿಸಿದ ಅಗ್ಗದ ಚಪ್ಪರ. ಸಸಿಯೊಂದಕ್ಕೆ ಸುಮಾರು 35 ರೂಪಾಯಿ ತಗಲುತ್ತಿದ್ದದ್ದು 2 ರೂಪಾಯಿಗೆ ಇಳಿಯಿತು ಎಂಬುದು ಸಂಸ್ಥೆಯ ಲೆಕ್ಕ. ಮಳೆ ಮೇಲೆ ಬೀಳದಿದ್ದರೆ ಸಾಕು, ಗಿಡ ನಿಲ್ಲುತ್ತದೆ. ಇದನ್ನು ಓದಿದ ಮೇಲೆ ನಮ್ಮ ತಾರಸಿಯ ಮೂಲೆಗೂ ಫೈಬರ್ ಶೀಟ್ ಬಂತು.

*

ಇದು ದಕ್ಷಿಣ ಆಫ್ರಿಕಾದ ಗಿಡ. ಕೇಪ್‌ಟೌನ್ ಕಡೆ ಮಳೆ ಬೀಳುವುದು ಅಲ್ಲಿನ ಚಳಿಗಾಲದಲ್ಲಿ, ಬೇಸಿಗೆ ಒಣ. ಹಾಗಾಗಿ ಸೆಖೆ ಮತ್ತು ಮಳೆ ಒಟ್ಟಿಗೆ ಬಂದರೆ ಇದಕ್ಕೆ ಒಗ್ಗುವುದಿಲ್ಲ ಎಂದು ಬರೆದುಕೊಂಡಿದ್ದೆ. ಈಗ ಅದನ್ನು ಅಷ್ಟು ಗಟ್ಟಿಯಾಗಿ ಹೇಳಲಾರೆ. ನಮ್ಮ ಕುಂಡದ, ಎಲೆಯಲ್ಲಿ ಕಂದು ಬಳೆ ಇರುವ ಜಾತಿಗಳ ಪೂರ್ವಜರಲ್ಲಿ ಒಂದಾದ ಇನ್‌ಕ್ವಿನಾನ್ಸ್ ಬೆಳೆಯುವುದು ಈಸ್ಟರ್ನ್ ಕೇಪ್‌ನಲ್ಲಿ. ಅಲ್ಲಿ ಬೇಸಿಗೆಯಲ್ಲೂ ಮಳೆಯಾಗುತ್ತದೆ. ಹಾಗಿದ್ದರೆ ತಪ್ಪು ಋತುವಿನದಲ್ಲ, ಕುಂಡದ್ದಿರಬಹುದು. ಕಲ್ಲು ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಕೋಕೋಪೀಟ್ ತುಂಬಿದ ಪ್ಲಾಸ್ಟಿಕ್ ಪಾಟ್ ವಾರವಾದರೂ ಒಣಗುವುದಿಲ್ಲ. ಈಗ ಕೆಂಪು ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಒಂದಿಷ್ಟು ಎರೆಗೊಬ್ಬರ, ಮಣ್ಣಿನ ಕುಂಡ.

*

ಶೀಟಿನ ಕೆಳಗಿನ ಗಿಡಗಳ ಎಲೆಯ ಅಡಿಭಾಗದಲ್ಲಿ ರಾಗಿ ಕಾಳಿನಂಥ ಗುಳ್ಳೆಗಳು. ಮೊದಲು ನೀರು ತುಂಬಿದಂತೆ, ಆಮೇಲೆ ಬೆಂಡಿನ ಹಾಗೆ ಕಂದು. ಹುಳವಿಲ್ಲ, ಬೂಷ್ಟಿಲ್ಲ. ಬೇರು ಎಳೆದುಕೊಂಡಷ್ಟು ನೀರನ್ನು ತೇವದ ಗಾಳಿಯಲ್ಲಿ ಎಲೆ ಹೊರಬಿಡಲಾರದೆ ಜೀವಕೋಶಗಳು ಊದಿ ಒಡೆಯುತ್ತವಂತೆ, ರೋಗವಲ್ಲ. ಅಂದರೆ ಮಳೆ ತಪ್ಪಿಸಿದರೂ ಮಳೆಗಾಲದ ಗಾಳಿ ತಪ್ಪಿಸಿದಂತಾಗಲಿಲ್ಲ. ಜಕ್ಕೂರು ಕೆರೆ ಮನೆಗೆ ಇಷ್ಟು ಹತ್ತಿರವಿರುವುದೂ ಒಂದು ಕಾರಣವೇ?

*

ಡಿಸೆಂಬರ್. ಉಳಿದ ಕಡ್ಡಿಗಳೆಲ್ಲ ಹೂ ಬಿಟ್ಟಿವೆ. ಒಂದು ಹೂವನ್ನು ತೊಟ್ಟಿನ ಸಮೇತ ಉದ್ದಕ್ಕೆ ಸೀಳಿದೆ. ತೊಟ್ಟಿನ ಒಳಗೇ ಕೂದಲಿನಷ್ಟು ಸಣ್ಣ ಕೊಳವೆ, ಅದರ ತಳದಲ್ಲಿ ಮಕರಂದ. ಕೊಳವೆ ಮುಗಿಯುವ ಕಡೆ ಹೊರಗಿನಿಂದ ಪುಟ್ಟ ಉಬ್ಬು ಕಾಣುತ್ತದೆ. ನಿಜವಾದ ಜೆರೇನಿಯಂಗೆ ಈ ಕೊಳವೆ ಇಲ್ಲ. ನಾವು ಜೆರೇನಿಯಂ ಎನ್ನುವ ಈ ಕುಂಡದ ಗಿಡ ಅಸಲಿಗೆ ಪೆಲರ್ಗೋನಿಯಂ. 1789ರಲ್ಲಿ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಅದನ್ನು ಬೇರೆಯೇ ಕುಲವೆಂದು ವಿಂಗಡಿಸಿದ. ಅಷ್ಟು ಆಳಕ್ಕೆ ನಾಲಿಗೆ ಇಳಿಸಬಲ್ಲ ಕೀಟ ಜಕ್ಕೂರಿನಲ್ಲಿ ಯಾವುದು? ತೊಗರಿ ಹೂವಿಗೆ ಮುತ್ತುವ ಜೇನು ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಯಾವುದೂ ಕೂತದ್ದನ್ನು ಇನ್ನೂ ಕಂಡಿಲ್ಲ.

ನಮ್ಮಲ್ಲಿರುವ ಇನ್ನೊಂದು ಬಗೆ, ರೀಗಲ್ ಎಂಬುದು ಮಾತ್ರ ಮೊಗ್ಗು ಹಿಡಿದಿಲ್ಲ. ಅದಕ್ಕೆ ಸುಮಾರು 15 ಡಿಗ್ರಿಯ ಕೆಳಗೆ ಕೆಲವು ವಾರ ಬೇಕು. ನಮ್ಮ ಜನವರಿ ರಾತ್ರಿಗಳು ಸರಿಯಾಗಿ ಆ ಗಡಿಯಲ್ಲೇ ನಿಲ್ಲುತ್ತವೆ.

*

ಮುಂದಿನ ಆರಿದ್ರಾ ಮಳೆಗೆ ಮಾಡಬೇಕಾದ್ದು: ಒಂದೇ ತಾಯಿಗಿಡದ ಕಡ್ಡಿ ಎರಡು ಕುಂಡಗಳಲ್ಲಿ, ಎರಡೂ ಶೀಟಿನ ಕೆಳಗೆ, ಎರಡಕ್ಕೂ ಅದೇ ಮಣ್ಣು. ಒಂದಕ್ಕೆ ಮಳೆ ಬಿದ್ದ ದಿನವೆಲ್ಲ ಬುಡಕ್ಕಷ್ಟೇ ನೀರು. ಇನ್ನೊಂದಕ್ಕೆ ಎಲೆ, ಚಿಗುರು ತೋಯುವಂತೆ ಅಷ್ಟೇ ನೀರು ಮೇಲಿನಿಂದ. ಕೊಲ್ಲುವುದು ಬೇರಿನ ನೀರೋ, ಮೈಮೇಲಿನ ನೀರೋ, ಅಷ್ಟಾದರೂ ತಿಳಿಯಬೇಕು.